ಭಾನುವಿಗೆಂದು ಆರಿಸಿದ ಅಕ್ಕಿ

ಅಕ್ಕಿ ಆರಿಸುವುದರಲ್ಲಿ ಚಿಕ್ಕಮುನಿಯಮ್ಮನನ್ನು ಮೀರಿಸುವವರು ಆ ಊರಲ್ಲಿರಲಿ, ಕ್ಯಾಸಂಬಳ್ಳಿ ಹೋಬಳಿಯಲ್ಲೇ ಇರಲಿಲ್ಲ. ಐವತ್ತು ದಾಟಿದ್ದರೂ ಕನ್ನಡಕದ ಹಂಗಿಲ್ಲದ ಕಣ್ಣು. ಮೊರದಲ್ಲಿ ಅಕ್ಕಿ ಹರವಿ ಒಮ್ಮೆ ಅಲ್ಲಾಡಿಸಿದರೆ ಸಾಕು, ಕಲ್ಲು, ನೆಲ್ಲು, ಹುಳ ಹಿಡಿದ ಕಾಳು ತಾವಾಗಿಯೇ ಅವಳ ಬೆರಳಿಗೆ ಬಂದು ಸಿಕ್ಕುತ್ತಿದ್ದವು. ಮದುವೆ ಗೊತ್ತಾದ ಮನೆಯವರು ಓಲಗದವರಿಗೆ ಹೇಳುವುದಕ್ಕೆ ಮುಂಚೆ ಅವಳ ಮನೆ ಬಾಗಿಲಿಗೆ ಬಂದು, "ಅಕ್ಕಿ ಹಸನು ಮಾಡೋ ದಿನ ಬಂದ್ಬಿಡಕ್ಕಾ, ನೀನಿಲ್ದಿದ್ರೆ ಬೀಗ್ರ ಅಲ್ಲು ಮುರೀತದೆ" ಎಂದು ಹೇಳಿಹೋಗುತ್ತಿದ್ದರು.

ಅಂಥ ಕಣ್ಣಿಗೆ ರೇಷನ್ ಅಕ್ಕಿಯಲ್ಲಿ ಹೊಸದೊಂದು ಕಾಳು ಬಿತ್ತು. ನೋಡಲು ಅಕ್ಕಿಯೇ. ಆದರೆ ಅಕ್ಕಿಯ ಒಂದು ತುದಿಯಲ್ಲಿ ಮೊಳಕೆ ಕಚ್ಚಿಕೊಂಡಿದ್ದ ಸಣ್ಣ ತಗ್ಗು ಇರುತ್ತದಲ್ಲ, ಅದು ಇದಕ್ಕಿರಲಿಲ್ಲ. ಬಣ್ಣ ತುಸು ಹಳದಿ. ಎಲ್ಲವೂ ಒಂದೇ ಅಳತೆ, ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ. ಬೊಗಸೆ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು. ನೀರಿಗೆ ಹಾಕಿದರೆ ಮಿಕ್ಕಿದ್ದೆಲ್ಲ ತಳಕ್ಕೆ ಹೋಗಿ, ಇದು ಮಾತ್ರ ಮೇಲೆ ತೇಲಿಕೊಂಡು ಅವಳ ಮುಖ ನೋಡುತ್ತಿತ್ತು.

"ಪ್ಲಾಸ್ಟಿಕ್ಕು ಕಣಮ್ಮೋ," ಎಂದಳು ಪಕ್ಕದ ಮನೆಯ ಪಾಪಕ್ಕ. "ಫೋನಲ್ಲಿ ತೋರಿಸ್ತಾವ್ರಲ್ಲ. ಎಲ್ಲೋ ಮಿಷನ್ನಾಗೆ ಮಾಡಿ ಬಡವ್ರ ಚೀಲಕ್ಕೆ ಸುರೀತಾರಂತೆ."

ಮಗ ಬೈರೇಶನೂ ಅದೇ ವೀಡಿಯೊ ತೋರಿಸಿದ. ಅವನು ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬರುವವನು. ರೈಲಿನಲ್ಲಿ ಕೂತವರ ಫೋನಿಂದೆಲ್ಲ ಲೋಕದ ಸುದ್ದಿ ಅವನ ಫೋನಿಗೆ ಬರುತ್ತಿತ್ತು. ವೀಡಿಯೊದಲ್ಲಿ ಒಬ್ಬ ತೆಲುಗಿನವನು ಸೌಟಿನಲ್ಲಿ ಅಕ್ಕಿ ಸುಟ್ಟು, ಕರಗಿದ್ದನ್ನು ತೋರಿಸಿ ಕೂಗಾಡುತ್ತಿದ್ದ. ಭಾನುವಾರ ಅಮ್ಮ ಮಗ ಇಬ್ಬರೂ ಆ ಹಳದಿ ಕಾಳನ್ನು ಸೌಟಿಗೆ ಹಾಕಿ ಒಲೆಯ ಮೇಲೆ ಹಿಡಿದರು. ಕರಗಲಿಲ್ಲ. ಕಪ್ಪಾಯಿತು, ಹೊಗೆಯಾಯಿತು, ಸೀದ ಅನ್ನದ ವಾಸನೆ ಬಂತು.

"ಅಕ್ಕೀನೇ ಅನ್ಸತ್ತಲ್ಲಮ್ಮಾ," ಎಂದ ಬೈರೇಶ್.

"ಮೋಸ ಮಾಡೋರು ವಾಸನೇನೂ ಸೇರಿಸಿರ್ತಾರೆ ಕಣ್ಲಾ," ಎಂದಳು ಅವನಮ್ಮ. ಆದರೂ ಮನಸ್ಸಿಗೆ ನಿಲ್ಲಲಿಲ್ಲ. ಮುಂದಿನ ಸಲ ರೇಷನ್ ಅಂಗಡಿಯ ಮುನಿನಾರಾಯಣಪ್ಪನನ್ನೇ ಕೇಳಿದಳು.

"ಅದು ಪವರ್ ಅಕ್ಕಿ ಕಣಕ್ಕ. ಸರ್ಕಾರ್ದೋರೇ ಬೆರೆಸ್ತಾರೆ."

"ಏನು ಪವರು?"

"ಅದೆಲ್ಲಾ ನಂಗೇನ್ ಗೊತ್ತು? ಚೀಲದ ಮ್ಯಾಲೆ ಬರ್ದವ್ರೆ. ಇಂದೆ ಜನ ನಿಂತವ್ರೆ, ಎಬ್ಬೆಟ್ಟು ಒತ್ತು."

ಬೆರೆಸುತ್ತಾರೆ ಎಂಬ ಒಂದು ಮಾತೇ ಅವಳಿಗೆ ಸಾಕಾಯಿತು. ಅಕ್ಕಿಗೆ ಬೆರೆಸುವವರು ಒಳ್ಳೆಯದನ್ನು ಬೆರೆಸಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಲ್ಲು ಬೆರೆಸುತ್ತಿದ್ದರು, ನುಚ್ಚು ಬೆರೆಸುತ್ತಿದ್ದರು, ಈಗ ಇದು. ಅವತ್ತಿನಿಂದ ಆ ಕಾಳು ಒಂದೂ ಬಿಡದ ಹಾಗೆ ಆರಿಸಿ ಅಂಗಳದ ಕೋಳಿಗಳಿಗೆ ಚೆಲ್ಲತೊಡಗಿದಳು.

ಇಷ್ಟು ಹಠ ಹಿಡಿಯಲು ಕಾರಣ ಬೇರೆಯೇ ಇತ್ತು. ಸೊಸೆ ಭಾನುಪ್ರಿಯ ಬಸುರಿಯಾಗಿದ್ದಳು. ಮೊದಲನೆಯದು ಹಿಂದಿನ ವರ್ಷ ಮೂರು ತಿಂಗಳಿಗೇ ಜಾರಿಹೋಗಿತ್ತು. ಇದು ನಿಂತಿತ್ತು. ಆರನೇ ತಿಂಗಳು ನಡೆಯುತ್ತಿತ್ತು. ಭಾನುವಿಗೆ ಬಯಕೆ ಹುಟ್ಟಿದ್ದು ಮಾವಿನಕಾಯಿಗಲ್ಲ, ಹುಣಸೆಗಲ್ಲ. ಹಸಿ ಅಕ್ಕಿಗೆ. ಡಬ್ಬದ ಹತ್ತಿರ ಹಾದುಹೋದರೆ ಒಂದು ಹಿಡಿ ಬಾಯಿಗೆ ಬೀಳಬೇಕು. ಬಟ್ಟೆ ಒಗೆಯುವಾಗಲೂ ಕೆನ್ನೆಯಲ್ಲಿ ಅಕ್ಕಿ ಕಟಕಟ ಅನ್ನುತ್ತಿತ್ತು.

"ನಿಮ್ಮಮ್ಮ ಬಂಗಾರಪೇಟೆ ಅಕ್ಕಿ ಮಿಲ್ಲಲ್ಲಿ ಗುಡಿಸ್ತಿದ್ಲಲ್ಲ, ಅಲ್ಲೇ ಅತ್ತಿರೋದು ನಿಂಗೆ ಈ ಚಟ," ಎಂದು ಪಾಪಕ್ಕ ಹಂಗಿಸಿದರೆ ಭಾನು ಕೆನ್ನೆ ಅಲ್ಲಾಡಿಸುವುದನ್ನು ನಿಲ್ಲಿಸಿ ನಗುತ್ತಿದ್ದಳು. ಪಾಪಕ್ಕ ಆಚೆ ಹೋದ ಮೇಲೆ ಮತ್ತೆ ಅಗಿಯುತ್ತಿದ್ದಳು.

ಚಿಕ್ಕಮುನಿಯಮ್ಮನಿಗೆ ಇಲ್ಲಿ ದಾರಿಯೇ ತೋಚದಂತಾಯಿತು. ಹಸಿ ಅಕ್ಕಿ ತಿಂದರೆ ರಕ್ತ ನೀರಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ ಎಂದು ಅವಳ ಅಮ್ಮ, ಅಜ್ಜಿ, ಅತ್ತೆ ಎಲ್ಲರೂ ಹೇಳಿದ್ದರು. ಬಿಡಿಸಬೇಕು. ಆದರೆ ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಹೇಳಿದವರೂ ಅವರೇ. ಬಿಡಿಸಬಾರದು. ಎರಡನ್ನೂ ಹೇಳಿದವರು ಸತ್ತುಹೋಗಿದ್ದರು. ಯಾವುದನ್ನು ಹಿಡಿಯಲಿ ಎಂದು ಕೇಳುವುದಕ್ಕೆ ಯಾರೂ ಇರಲಿಲ್ಲ.

ಕೊನೆಗೆ ತಾನೇ ಒಂದು ದಾರಿ ಕಂಡುಕೊಂಡಳು. ತಿನ್ನುವುದಾದರೆ ತಿನ್ನಲಿ, ಪ್ಲಾಸ್ಟಿಕ್ಕು ತಿನ್ನುವುದು ಬೇಡ. ಭಾನುವಿಗೆಂದೇ ಒಂದು ಸ್ಟೀಲ್ ಡಬ್ಬಿ ಇಟ್ಟಳು. ಬೆಳಿಗ್ಗೆ ಬಿಸಿಲು ಬಾಗಿಲಿಗೆ ಬಂದ ಹೊತ್ತಿಗೆ ಮೊರ ಹಿಡಿದು ಕೂತು, ಎರಡೆರಡು ಸಲ ಆರಿಸಿ, ಒಂದೇ ಒಂದು ಹಳದಿ ಕಾಳು ಇಲ್ಲದ ಅಕ್ಕಿಯನ್ನು ಅದಕ್ಕೆ ತುಂಬುತ್ತಿದ್ದಳು. ರಾತ್ರಿ ಅನ್ನಕ್ಕೂ ಅದೇ.

"ಇದು ನಿಂದು. ದೊಡ್ಡ ಡಬ್ಬಕ್ಕೆ ಕೈ ಆಕ್ಬೇಡ," ಎಂದಿದ್ದಳು.

"ನಿಮ್ಗೆ ಕಷ್ಟ ಅತ್ತಮ್ಮ."

"ಕಷ್ಟ ಏನು ಬಂತು? ಕಣ್ಣೈತೆ, ಕೈಯೈತೆ."

ಪಾಪಕ್ಕ ಅಂಗಳದಲ್ಲಿ ನಿಂತು ಕೋಳಿಗಳನ್ನು ನೋಡಿ, "ಏನಮ್ಮೋ, ನಿನ್ ಕೋಳಿಗೆಲ್ಲಾ ಕೆಂಪೇರಿಬಿಟ್ಟೈತೆ? ಸೊಸೆ ಮಾತ್ರ ಸುಣ್ಣದ ಗೋಡೆ ಆಗವ್ಳೆ" ಎಂದಳು. ತಮಾಷೆಗೆ ಅಂದ ಮಾತು. ಚಿಕ್ಕಮುನಿಯಮ್ಮ ನಗಲಿಲ್ಲ. ಸೊಸೆಯ ಮುಖ ಅವಳೂ ನೋಡುತ್ತಲೇ ಇದ್ದಳು. ತುಟಿಯ ಬಣ್ಣ ಹೋಗಿತ್ತು. ಕೊಡ ಎತ್ತಿದರೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಆಶಾ ಕಾರ್ಯಕರ್ತೆ ಕಲಾ ಕೊಟ್ಟಿದ್ದ ಕೆಂಪು ಮಾತ್ರೆ ತಿಂದರೆ ವಾಂತಿ; ಹೊರಕಡೆಗೆ ಹೋದರೆ ಎಲ್ಲ ಕಪ್ಪು ಎಂದು ಭಾನು ಹೆದರಿದ್ದಳು. "ಆಗ್ದಿದ್ರೆ ಬಿಡು ಮಗಾ, ಒಟ್ಟೆ ಸುಟ್ಟಾತು" ಎಂದು ಚಿಕ್ಕಮುನಿಯಮ್ಮನೇ ಬಿಡಿಸಿದ್ದಳು. ಆರಿಸಿದ ಅಕ್ಕಿ ಇದೆಯಲ್ಲ ಎಂಬ ಧೈರ್ಯ ಅವಳಿಗೆ.

ಒಂದು ದಿನ ಭಾನು ಕೊಟ್ಟಿಗೆಯ ಹತ್ತಿರ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಕಲಾ ಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಆಟೊ ಕರೆಸಿದಳು. "ನೀವೂ ಬನ್ನಿ ಚಿಕ್ಕಮುನಿಯಮ್ಮ, ಜೊತೆಗೊಬ್ರು ಬೇಕು" ಎಂದಳು. ಚಿಕ್ಕಮುನಿಯಮ್ಮ ಒಳಗೆ ಹೋಗಿ, ಅವತ್ತು ಆರಿಸಿಟ್ಟಿದ್ದ ಹಳದಿ ಕಾಳುಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬಂದಳು. ಡಾಕ್ಟರಿಗೆ ತೋರಿಸಬೇಕು. ಬಡವರಿಗೆ ಏನು ತಿನ್ನಿಸುತ್ತಿದ್ದಾರೆ ಎಂದು ಓದಿದವರೊಬ್ಬರಿಗೆ ಗೊತ್ತಾಗಲಿ.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. ಡಾಕ್ಟರಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು. ಇನ್ನೂ ಚಿಕ್ಕ ವಯಸ್ಸು, ಬೈರೇಶನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು.

"ಹೋದ ಸಲಕ್ಕಿಂತ ಕಮ್ಮಿ ಆಗಿದೆ. ಹಿಂಗೇ ಹೆರಿಗೆಗೆ ಹೋದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ. ಸ್ವಲ್ಪ ರಕ್ತ ಹೋದ್ರೂ ತಡಿಯಲ್ಲ," ಎಂದಳು. ಆಮೇಲೆ ಭಾನುವಿನ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ಏನಾದ್ರೂ ತಿನ್ಬೇಕು ಅಂತ ಆಸೆ ಆಗುತ್ತಾಮ್ಮ? ಮಣ್ಣು, ಬಳಪ, ಅಕ್ಕಿ, ಆ ಥರ?"

ಭಾನು ನೆಲ ನೋಡಿದಳು.

"ಅಕ್ಕಿ ತಿಂತಾಳೆ ಡಾಕ್ಟರಮ್ಮ," ಎಂದಳು ಚಿಕ್ಕಮುನಿಯಮ್ಮ. "ಅದ್ಕೇ ರಕ್ತ ಎಲ್ಲಾ ನೀರಾಗೋಗೈತೆ. ನೀವಾದ್ರೂ ಬೈದು ಬುದ್ಧಿ ಯೋಳಿ."

"ಉಲ್ಟಾ ಹೇಳ್ತಿದೀರಲ್ಲಮ್ಮ. ಅಕ್ಕಿ ತಿಂದಿದ್ದಕ್ಕೆ ರಕ್ತ ಕಮ್ಮಿ ಆಗಿಲ್ಲ. ರಕ್ತ ಕಮ್ಮಿ ಇರೋದಕ್ಕೇ ಅಕ್ಕಿ ತಿನ್ನೋ ಆಸೆ. ಮೈಯಲ್ಲಿ ಕಬ್ಬಿಣದ ಅಂಶ ಇಲ್ದಿದ್ರೆ ಹಂಗಾಗುತ್ತೆ. ಅವಳನ್ನ ಬೈಬೇಡಿ."

ಚಿಕ್ಕಮುನಿಯಮ್ಮನಿಗೆ ತನ್ನ ಬಸುರಿನ ದಿನಗಳು ನೆನಪಾದವು. ಬೈರೇಶ್ ಹೊಟ್ಟೆಯಲ್ಲಿದ್ದಾಗ ಅವಳು ಒಲೆಗೆ ಮೆತ್ತುವ ಕೆಮ್ಮಣ್ಣು ತಿನ್ನುತ್ತಿದ್ದಳು. ಮಳೆ ಬಿದ್ದ ಗೋಡೆಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಅವಳ ಅತ್ತೆ ನೋಡಿಬಿಟ್ಟು, ಮಣ್ಣು ತಿಂದು ನನ್ನ ಮೊಮ್ಮಗನ ರಕ್ತ ಕುಡೀತಿದೀಯಾ ಎಂದು ತುಟಿಯ ಮೇಲೆ ಸೌಟಿನಿಂದ ಬಾರಿಸಿದ್ದಳು. ಅದು ತಪ್ಪು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ಈ ಹುಡುಗಿ ಹೇಳುವುದು ನಿಜವಾದರೆ ಆ ಏಟು ಯಾವುದಕ್ಕೆ ಬಿದ್ದಿದ್ದು? ಅದನ್ನು ಯೋಚಿಸಲು ಇದು ಹೊತ್ತಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಹರವಿದಳು.

"ಇದ್ನ ನೋಡಿ. ರೇಷನ್ ಅಕ್ಕೀಲಿ ಪ್ಲಾಸ್ಟಿಕ್ಕು. ನಾನು ಒಂದೂ ಬಿಡ್ದಂಗೆ ಆರಿಸಿ, ಇವ್ಳಿಗೆ ಚೊಕ್ಕಟ ಅಕ್ಕಿನೇ ಕೊಟ್ಟಿವ್ನಿ. ಇದ್ನೂ ತಿಂದಿದ್ರೆ ಇವ್ಳ ಗತಿ ಏನಾಯ್ತಿತ್ತೋ."

ಡಾಕ್ಟರಮ್ಮ ಒಂದು ಕಾಳನ್ನು ಅಂಗೈಗೆ ತೆಗೆದುಕೊಂಡಳು. ಬೈಯುತ್ತಾಳೆ, ಯಾರಿಗೋ ಫೋನ್ ಮಾಡುತ್ತಾಳೆ ಎಂದು ಚಿಕ್ಕಮುನಿಯಮ್ಮ ಕಾದಳು. ಡಾಕ್ಟರಮ್ಮ ಕಲಾಳ ಮುಖ ನೋಡಿದಳು. ಕಲಾ ಕಿಟಕಿಯ ಕಡೆ ತಿರುಗಿದಳು.

"ಅಮ್ಮಾ, ಇದು ಪ್ಲಾಸ್ಟಿಕ್ ಅಲ್ಲ. ಅಕ್ಕೀನ ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣದ ಅಂಶ, ಇನ್ನೂ ಒಂದೆರಡು ಸತ್ವ ಬೆರೆಸಿ, ತಿರುಗಾ ಅಕ್ಕಿ ಥರ ಒತ್ತಿರ್ತಾರೆ. ಇಂಥೋರಿಗೆ ಅಂತಾನೇ."

"ಅಕ್ಕೀನ ಇಟ್ಟು ಮಾಡಿ ತಿರ್‍ಗಾ ಅಕ್ಕಿ ಮಾಡ್ತಾರಾ?"

"ಹೂಂ."

"ಯಾಕೆ?"

ಡಾಕ್ಟರಮ್ಮ ಕೈಯಲ್ಲಿದ್ದ ಕಾಳನ್ನು ಮತ್ತೆ ಮೇಜಿನ ಮೇಲಿಟ್ಟಳು. ಚಿಕ್ಕಮುನಿಯಮ್ಮ ಕೇಳಿದ್ದು ಕುಹಕಕ್ಕಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಒಳ್ಳೆಯದನ್ನು ಕೊಡುವವರು ಅದನ್ನು ಅಕ್ಕಿಯ ವೇಷ ಹಾಕಿಸಿ, ಅಕ್ಕಿಯ ನಡುವೆ ಬಚ್ಚಿಟ್ಟು, ಯಾರಿಗೂ ಹೇಳದೆ ಯಾಕೆ ಕೊಡುತ್ತಾರೆ? ಬಚ್ಚಿಟ್ಟು ಕೊಡುವುದು ವಿಷವನ್ನಲ್ಲವೇ?

"ಹೇಳಿದೀನಿ ನಾನು, ಅಂಗನವಾಡೀಲಿ ಮೀಟಿಂಗ್ ಮಾಡ್ದಾಗ," ಎಂದಳು ಕಲಾ, ತಿರುಗದೆಯೇ. "ನೀವು ಬಂದಿರ್ಲಿಲ್ಲ."

"ಅವತ್ತು ಕೂಲಿಗೆ ಓಗಿದ್ನೇನೋ ಕಣಮ್ಮ," ಎಂದಳು ಚಿಕ್ಕಮುನಿಯಮ್ಮ. ಆಮೇಲೆ ಮೇಜಿನ ಮೇಲಿನ ಕಾಳುಗಳನ್ನು ಒಂದೊಂದಾಗಿ ಬೆರಳಿನಿಂದ ಒಂದು ಕಡೆಗೆ ಸರಿಸುತ್ತ ಕೇಳಿದಳು. "ಅಂಗಾದ್ರೆ ನನ್ನಿಂದ್ಲೇ ಆಯ್ತಾ?"

"ಹಂಗೆ ಹೇಳಕ್ಕಾಗಲ್ಲಮ್ಮ. ಇದನ್ನ ತಿಂದಿದ್ರೂ ಇಷ್ಟು ಕಮ್ಮಿ ಇರೋದು ಇದರಿಂದಲೇ ತುಂಬ್ತಿರ್ಲಿಲ್ಲ. ಮಾತ್ರೆ ಬೇರೆ ಬಿಟ್ಟಿದಾಳಂತೆ. ಹಿಂದೆ ಒಂದು ಹೋಗಿದೆ. ಮದುವೆಗೆ ಮುಂಚೆಯಿಂದಾನೇ ಕಮ್ಮಿ ಇತ್ತೇನೋ."

"ಅಂದ್ರೆ ನನ್ನಿಂದ ಅಲ್ಲ?"

"ಅಲ್ಲ ಅಂತಾನೂ ಹೇಳಕ್ಕಾಗಲ್ಲ."

ಹೌದು ಎಂದಿದ್ದರೆ ಅಲ್ಲೇ ಕೂತು ತಲೆ ಚಚ್ಚಿಕೊಳ್ಳಬಹುದಿತ್ತು. ಇಲ್ಲ ಎಂದಿದ್ದರೆ ಎದ್ದು ಮನೆಗೆ ಹೋಗಬಹುದಿತ್ತು. ಎರಡೂ ಅಲ್ಲದ ಮಾತನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಭಾನುವಿನ ಕಡೆ ನೋಡಿದಳು. ಭಾನು ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದೆಯೋ, ಮರುಕವಿದೆಯೋ, ಅಥವಾ ಬರೀ ಸುಸ್ತೋ. ಆರಿಸಲಾಗಲಿಲ್ಲ.

ಭಾನುವನ್ನು ಒಳಗೆ ಮಲಗಿಸಿ ಸಲೈನ್ ಹಾಕಿದರು. ಬೆಲ್ಲದ ಪಾಕದ ಬಣ್ಣದ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಅದರಲ್ಲಿ ಕಬ್ಬಿಣ ಇದೆ ಎಂದರು. ಚಿಕ್ಕಮುನಿಯಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಬಾಟಲಿಯನ್ನೇ ನೋಡಿದಳು. ಕಬ್ಬಿಣ ಎಂದರೆ ಗುದ್ದಲಿ, ಮಚ್ಚು, ಬಾಗಿಲ ಚಿಲಕ. ಅದು ನೀರಾಗಿ ಈ ಹುಡುಗಿಯ ತೋಳಿಗೆ ಹೋಗುತ್ತಿದೆ. ಹೋಗಲಿ. ಯಾವುದು ಹೋದರೂ ಸರಿ, ಇವಳು ಎದ್ದು ಕೂತರೆ ಸಾಕು.

ನರ್ಸ್ ಅಂಬಿಕ ಬಂದು ಹೇಳಿದಳು, "ಹೆರಿಗೆ ಟೈಮಿಗೆ ರಕ್ತ ಬೇಕಾಗ್ಬೋದು ಅಮ್ಮ. ಕೊಡೋರು ಯಾರಾದ್ರೂ ಇದ್ರೆ ಈಗ್ಲೇ ನೋಡಿಟ್ಕೊಳ್ಳಿ."

ಚಿಕ್ಕಮುನಿಯಮ್ಮ ತಕ್ಷಣ ಸೆರಗು ಸರಿಸಿ ತೋಳು ಚಾಚಿದಳು. ಬೆಳಗಿನಿಂದ ಅವಳಿಗೆ ಅರ್ಥವಾದ ಮೊದಲ ಮಾತು ಅದು.

"ನನ್ದೇ ತಗೊಳಮ್ಮ. ಎಷ್ಟು ಬೇಕೋ ಅಷ್ಟು ತಗೋ."

"ಇಂಗೆ ಈಗ ತಗೊಳಲ್ಲಮ್ಮ. ನಿಮ್ ಗಂಡನೋ ಮಗನೋ..."

"ಗಂಡ ಇಲ್ಲ. ಮಗ ಬತ್ತಾನೆ. ಅವ್ನಿಗೆ ಸೂಜಿ ಅಂದ್ರೆ ಜೀವ ಓಯ್ತದೆ. ನಂದು ಗಟ್ಟಿ ರಕ್ತ. ನೋಡಾದ್ರೂ ನೋಡಮ್ಮಿ."

ಅವಳ ಕಾಟ ತಾಳಲಾರದೆ ಅಂಬಿಕ ಬೆರಳು ಚುಚ್ಚಿದಳು. ಪುಟ್ಟ ಯಂತ್ರ ನೋಡಿದಳು. "ಅಯ್ಯೋ ಕಡವುಳೇ" ಎಂದು ತಮಿಳಲ್ಲಿ ದೇವರನ್ನು ಕರೆದು, ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿ, ಡಾಕ್ಟರಮ್ಮನನ್ನು ಕರೆದಳು.

"ನಿಮ್ಮ ಸೊಸೆಗಿಂತ ಸ್ವಲ್ಪ ಮೇಲೆ ಅಷ್ಟೇ ಇದೀರ ನೀವು," ಎಂದಳು ಡಾಕ್ಟರಮ್ಮ. "ನಿಮಗೇ ಇಲ್ಲ, ಇನ್ನೇನು ಕೊಡ್ತೀರಾ? ತಲೆ ಸುತ್ತಲ್ವಾ? ಸುಸ್ತಾಗಲ್ವಾ?"

"ಎಲ್ರಿಗೂ ಆಯ್ತದಲ್ಲ?"

"ನಿನ್ನೆ ಏನು ಊಟ ಮಾಡಿದ್ರಿ?"

ಬೈರೇಶ್ ಉಂಡಿದ್ದು ನೆನಪಿತ್ತು: ಎರಡು ಮುದ್ದೆ, ಅವರೆಕಾಳಿನ ಸಾರು. ಭಾನು ಉಂಡಿದ್ದು, ಬಿಟ್ಟಿದ್ದು, ಮಧ್ಯಾಹ್ನ ತಿಂದ ಅಕ್ಕಿ, ಎಲ್ಲ ನೆನಪಿತ್ತು. ತಾನು ಏನು ತಿಂದೆ ಎಂಬುದು ಎಷ್ಟು ಹುಡುಕಿದರೂ ಸಿಗಲಿಲ್ಲ. ಗಂಡ ಹೋದ ಮೇಲೆ ಅವಳು ತಟ್ಟೆ ಇಟ್ಟುಕೊಂಡು ಕೂತದ್ದೇ ಇಲ್ಲ. ಪಾತ್ರೆ ತೊಳೆಯುವ ಮುಂಚೆ ನಿಂತೇ ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಊಟವೇ ಎಂದು ಯಾರೂ ಕೇಳಿರಲಿಲ್ಲ.

"ಉಳಿದಿದ್ದು ತಿಂತಾರೆ," ಎಂದಳು ಭಾನು, ಮಲಗಿದಲ್ಲಿಂದಲೇ. "ಉಳೀದಿದ್ರೆ ಕಾಫಿ ಕುಡೀತಾರೆ."

ಇಬ್ಬರಿಗೂ ಮಾತ್ರೆ ಕೊಟ್ಟರು. ಊಟದ ಮೇಲೆ ನಿಂಬೆಹಣ್ಣಿನ ನೀರಿನಲ್ಲಿ ನುಂಗಬೇಕು, ಕಾಫಿ ಟೀ ಜೊತೆ ಬೇಡ, ಕಪ್ಪಗಾದರೆ ಹೆದರಬೇಡಿ, ವಾಂತಿಯಾದರೆ ಬಿಡುವ ಬದಲು ಬಂದು ಹೇಳಿ. ಅಕ್ಕಿಯಲ್ಲಿ ಏನನ್ನೂ ಆರಿಸಬೇಡಿ. "ಕಲ್ಲು?" ಎಂದು ಕೇಳಿದಳು ಚಿಕ್ಕಮುನಿಯಮ್ಮ. ಡಾಕ್ಟರಮ್ಮ ನಕ್ಕಳು. "ಕಲ್ಲು ಆರಿಸಿ." ಅವಳು ಯಾಕೆ ನಕ್ಕಳೋ ಚಿಕ್ಕಮುನಿಯಮ್ಮನಿಗೆ ತಿಳಿಯಲಿಲ್ಲ.

ಮತ್ತೆ ಮತ್ತೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಸಲೈನ್ ಹಾಕಿಸಿಕೊಂಡು ಬಂದರು. ಬೈರೇಶನೂ ಒಂದು ದಿನ ಕೆಲಸ ಬಿಟ್ಟು ಬಂದು, ಮುಖ ಅತ್ತ ತಿರುಗಿಸಿಕೊಂಡು ರಕ್ತ ನೋಡಿಸಿಕೊಂಡ. ಅವನದು ಚೆನ್ನಾಗಿತ್ತು. "ನೋಡ್ದಾ, ಮನೆ ರಕ್ತ ಎಲ್ಲಾ ನಿನ್ನತ್ರಾನೇ ಐತೆ" ಎಂದಳು ಪಾಪಕ್ಕ. ಅವನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ತಲೆ ಕೆರೆದುಕೊಂಡ.

ದಿನ ಕಳೆದ ಹಾಗೆ ಭಾನು ಸ್ಟೀಲ್ ಡಬ್ಬಿಯ ಹತ್ತಿರ ಹೋಗುವುದು ಕಡಿಮೆಯಾಯಿತು. ಚಿಕ್ಕಮುನಿಯಮ್ಮ ಇದನ್ನೂ ನೋಡಿದಳು. ಬಯಕೆ ಬಿಟ್ಟಿತೋ, ತನ್ನ ಮೇಲೆ ಮುನಿದು ಅವಳೇ ಬಿಟ್ಟಳೋ? ಕೇಳಲು ಧೈರ್ಯ ಬರಲಿಲ್ಲ. ಡಬ್ಬಿಯನ್ನು ಖಾಲಿ ಮಾಡಲೂ ಇಲ್ಲ, ತುಂಬಲೂ ಇಲ್ಲ.

ಎಂಟನೇ ತಿಂಗಳಲ್ಲಿ ಭಾನುವಿನ ರಕ್ತ ಏರಿತ್ತು. ಸಾಲದು, ಆದರೆ ಏರಿತ್ತು. ಅವತ್ತು ಆಸ್ಪತ್ರೆಯಿಂದ ಬಂದ ಸಂಜೆ ಭಾನು ಸೂಜಿ ದಾರ ಹುಡುಕುತ್ತ ಗೂಡಿನ ಮೇಲಿನ ಡಬ್ಬ ಇಳಿಸಿದಳು. ಸೂಜಿಯ ಜೊತೆ ಅದರಲ್ಲಿ ಮಾತ್ರೆಗಳ ಪಟ್ಟಿಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. ಅಡುಗೆ ಮನೆಗೆ ತಂದು ಅತ್ತೆಯ ಮುಂದೆ ಹಿಡಿದಳು.

"ಇದ್ಯಾರ್ದು ಅತ್ತಮ್ಮ?"

ಚಿಕ್ಕಮುನಿಯಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಲಿಲ್ಲ. "ನಿಂಗೇ ಇಟ್ಟಿವ್ನಿ. ನಿಂದು ಮುಗುದ್ರೆ ಬೇಕಾಯ್ತದಲ್ಲ. ಎರಡು ತಿಂದ್ರೆ ಇನ್ನೂ ಬೇಗ ಏರ್ತದೆ."

"ಎರಡು ತಿನ್ನು ಅಂತ ಯಾರು ಏಳಿದ್ರು?"

"ನೀನು ಚೆನ್ನಾಗಾಗ್ಬೇಕು ಕಣಮ್ಮಿ. ನಂದೇನೈತೆ, ಇಷ್ಟು ದಿನ ಇಲ್ದಿದ್ದು."

ಭಾನು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಇಷ್ಟು ತಿಂಗಳಲ್ಲಿ ಅವಳು ಒಂದು ಏರಿದ ಮಾತೂ ಆಡಿರಲಿಲ್ಲ. ಈಗ ಅವಳ ದನಿ ಓಣಿಗೆ ಕೇಳಿಸಿತು.

"ಎರಡೊತ್ತೂ ನನ್ನ ಬಾಯಿಂದ ಏನು ತೆಗೀಬೇಕು, ನನ್ನ ಬಾಯಿಗೆ ಏನು ಆಕ್ಬೇಕು, ಅದೇ ನೋಡ್ತೀರಲ್ಲ ನೀವು? ನಂಗೆ ಎರಿಗೆ ಆದ್ಮೇಲೆ ಮಗೂಗೆ ನೀರು ಎರೆಯೋರು ಯಾರು? ನನ್ನಮ್ಮ ಬತ್ತಾಳಾ, ಮಿಲ್ಲು ಬಿಟ್ಟು? ನೀವು ಕಣ್ಣು ಕತ್ತಲೆ ಬಂದು ಬಿಸಿನೀರಿನ ಅಂಡೆ ಮೇಲೆ ಬಿದ್ರೆ ನಾನು ಮಗೂನ ಇಡ್ಕೊಳ್ಳಾ, ನಿಮ್ಮನ್ನ ಇಡ್ಕೊಳ್ಳಾ?"

ಚಿಕ್ಕಮುನಿಯಮ್ಮನ ಕೈಯಲ್ಲಿ ಹಿಟ್ಟಿನ ಕೋಲು ನಿಂತಿತು. ಸೊಸೆ ಬೈಯುತ್ತಿದ್ದಾಳೆ. ಸೊಸೆ ಬೈದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ತಿರುಗಿ ಬೈಯಬೇಕು. ಆದರೆ ಇದು ಬೈಗುಳದ ಹಾಗಿರಲಿಲ್ಲ. ಇದು ಏನು ಎಂದು ಅವಳಿಗೆ ಹೆಸರು ಸಿಗಲಿಲ್ಲ.

"ಉಣ್ಣಿ ಮೊದ್ಲು. ಕೂತ್ಕೊಂಡು," ಎಂದಳು ಭಾನು.

"ಬೈರ ಬರ್ಲಿ."

"ರೈಲು ಬರೋಗಂಟ ಅವ್ರು ಕಾಯ್ತಾರೆ, ಮುದ್ದೆ ಕಾಯಲ್ಲ."

ಚಿಕ್ಕಮುನಿಯಮ್ಮ ಕೂತಳು. ಭಾನು ತಟ್ಟೆ ಇಟ್ಟಳು. ಬಿಸಿ ಮುದ್ದೆಯ ಪಕ್ಕದಲ್ಲಿ ಸೊಪ್ಪಿನ ಸಾರು, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಅವಳು ಎರಡು ಸಲ ಭಾನುವಿನ ಕಡೆ ತಳ್ಳಿದಳು. ಭಾನು ಎರಡು ಸಲ ಹಿಂದಕ್ಕೆ ತಳ್ಳಿದಳು. ಮಗ ಸೊಸೆ ಇನ್ನೂ ಉಂಡಿರದಾಗ ಹೀಗೆ ಮೊದಲು ಕೂತು ಉಣ್ಣುವುದು ಅವಳಿಗೆ ಕದ್ದು ತಿಂದ ಹಾಗೆ ಅನಿಸಿತು. ಆದರೂ ಮುದ್ದೆ ಗಂಟಲಲ್ಲಿ ಸುಲಭವಾಗಿ ಇಳಿಯಿತು. ಹಸಿದಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು.

ಭಾನು ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ಅಂಗೈಯಲ್ಲಿ ಹಿಡಿದಳು. ನಿಂಬೆಯ ನೀರಿನ ಲೋಟ ಮುಂದಿಟ್ಟಳು.

"ಇದು ಒಳಗೋದ್ರೆ ಏನು ಮಾಡ್ತದೆ ಅಂತ ನಿಂಗೆ ಗೊತ್ತಾ?" ಎಂದು ಕೇಳಿದಳು ಚಿಕ್ಕಮುನಿಯಮ್ಮ.

"ಸರಿಯಾಗಿ ಗೊತ್ತಿಲ್ಲ ಅತ್ತಮ್ಮ."

"ಮತ್ತೆ?"

"ನುಂಗಿ."

ನುಂಗಿದಳು. ನಾಲಿಗೆಯ ಮೇಲೆ ತುಕ್ಕಿನ ರುಚಿ ನಿಂತಿತು.

"ಬಾಯಿ ತೆಗೀರಿ," ಎಂದಳು ಭಾನು.

ಚಿಕ್ಕಮುನಿಯಮ್ಮ ಬಾಯಿ ತೆಗೆದಳು.